ಇಪ್ಪತ್ತೊಂದು ಗುಂಡಿ

ಬಳ್ಳಾರಿ, ಕೌಲ್ ಬಜಾರಿನ ಶಾಲೆ. ಮೂರನೇ ಪೀರಿಯಡ್ಡು.
ಕಿಟಕಿ ಸರಳಿನ ನೆರಳನ್ನು ಬಿಸಿಲು
ನೆಲದ ಮೇಲೆ ಚೌಕುಳಿ ಹಾಕಿ ಕೂತಿದೆ.
ಇವತ್ತು ಸೀಮೆಸುಣ್ಣ ಮುಟ್ಟಲಿಲ್ಲ ನಾನು.
ಟಿಫಿನ್ ಡಬ್ಬಿಯ ಮುಚ್ಚಳ ತೆಗೆದು ಸುರಿದೆ
ಹಿತ್ತಾಳೆ ಗುಂಡಿ, ಇಪ್ಪತ್ತೊಂದು.
ಮೆಹಜಬೀನಳ ಅಮ್ಮ ಜೀನ್ಸ್ ಪ್ಯಾಂಟಿಗೆ ಬಡಿಯುವಾಗ
ಸೊಟ್ಟಗಾಗಿ ಉಳಿದವು,
ಯಾರ ಸೊಂಟಕ್ಕೂ ಸಲ್ಲದವು.

ಒಂದು ತೆಗಿ, ಎರಡು ತೆಗಿ, ಮೂರು ದಾಟಬೇಡ.
ಸುಮ್ಮನೆ ಕೈಕಟ್ಟಿ ಕೂರುವಂತೆಯೂ ಇಲ್ಲ.
ಕೊನೇದು ಯಾರ ಕೈಗೋ ಅವರು ಗೆದ್ದಂಗೆ.
ಇಷ್ಟೇ.

ಮೊದಲ ದಿನ ಬರೀ ಗದ್ದಲ.
ಎರ್ರಿಸ್ವಾಮಿ ಮೂರು ಮೂರೇ ಬಾಚಿದ
ಮಧ್ಯಾಹ್ನದ ಊಟಕ್ಕೆ ಮೊಟ್ಟೆ ಬಂದ ದಿನದ ಹಾಗೆ.
ಸೋತ. ಗೆದ್ದ. ಮತ್ತೆ ಸೋತ.
"ಎಲ್ಲಾ ನಸೀಬು ಟೀಚರ್" ಅಂದ.
ಹೌದು ಅನ್ನಲಿಲ್ಲ ನಾನು, ಅಲ್ಲ ಅಂತಲೂ ಅನ್ನಲಿಲ್ಲ.
ನಾಲಿಗೆ ಕಚ್ಚಿಕೊಂಡು ಕೂರುವುದನ್ನು
ಬಿ.ಎಡ್‌ನಲ್ಲಿ ಯಾರೂ ಕಲಿಸಿರಲಿಲ್ಲ.

ಸುಂಕಮ್ಮ ಆಡುತ್ತಿರಲಿಲ್ಲ.
ಗೋಡೆಗೆ ಬೆನ್ನು ಕೊಟ್ಟು ನಿಂತವಳು,
ಏಳರ ಮಗ್ಗಿಯಲ್ಲಿ ಏಳೆಂಟ್ಲಿಗೇ ನಿಂತುಹೋಗುವವಳು.
"ಗಮನ ಕೊಡುವುದಿಲ್ಲ" ಎಂದು ಹೋದ ವರ್ಷ
ಕೆಂಪು ಇಂಕಿನಲ್ಲಿ ನಾನೇ ಬರೆದಿದ್ದೆ.
ಗುರುವಾರ ಬಗ್ಗಿ, ನೆಲಕ್ಕೆ ಬೆರಳಿಟ್ಟು ಅಂದಳು:
"ನಾಕು ಉಳಿದ್ರೆ ತೆಗಿಯೋರು ಸತ್ತಂಗೆ."
ಎಲ್ಲರೂ ನಾಲ್ಕನ್ನು ನೋಡಿದರು.
ಒಂದು ತೆಗೆದರೆ ಅವರಿಗೆ ಮೂರು. ಎರಡು ತೆಗೆದರೆ ಎರಡು.
ಮೂರು ತೆಗೆದರೆ...
ಅಯ್ಯೋ.
"ಅದಕ್ಕ ಹಿಂದ ಎಂಟು. ಅದಕ್ಕೂ ಹಿಂದ..."
ಅವಳ ಬೆರಳು ಹಿಂದೆ ಹಿಂದೆ ಸರಿಯುತ್ತಿತ್ತು
ತಪ್ಪು ಬಿದ್ದ ಹೊಲಿಗೆಯನ್ನು ಅವಳವ್ವ
ರಾತ್ರಿ ಬ್ಲೇಡಿನಲ್ಲಿ ಬಿಚ್ಚುವ ಹಾಗೆ,
ಕೊನೆಯಿಂದ, ಬಟ್ಟೆ ಹರಿಯದಂತೆ.
"ಹಿಂದಲಿಂದ ಬರಬೇಕು ಟೀಚರ್,
ಮುಂದಲಿಂದ ಹೋದ್ರೆ ಏನೂ ಕಾಣಂಗಿಲ್ಲ."

ಹನ್ನೆರಡು, ಹದಿನಾರು, ಇಪ್ಪತ್ತು.
ಯಾರೂ ಅದನ್ನು ಮಗ್ಗಿ ಅನ್ನಲಿಲ್ಲ.
ಹೊರಗೆ ಅದಿರಿನ ಲಾರಿಯೊಂದು ಹಾರ್ನ್ ಹೊಡೆದು ಹೋಯಿತು,
ಒಂದು ಕತ್ತೂ ತಿರುಗಲಿಲ್ಲ.

ಶುಕ್ರವಾರ ಎರ್ರಿಸ್ವಾಮಿಗೆ ಎಲ್ಲಿಲ್ಲದ ಮರ್ಯಾದೆ.
"ನೀವು ದೊಡ್ಡೋರು, ನೀವೇ ಮೊದ್ಲು ಆಡ್ರಿ."
ಗುಟ್ಟು ಬಲ್ಲವಳ ಗತ್ತಿನಲ್ಲಿ ಒಂದು ತೆಗೆದೆ.
ಅವನು ಮೂರು.
ನಾನು ಎರಡು, ಅವನೂ ಎರಡು.
ಎಂಟು ಕಂಡಾಗ ಸಣ್ಣಗೆ ಬೆವರಿದೆ,
ನಾಲ್ಕು ಕಂಡಾಗ ಸೋತಿದ್ದೆ.
ನಲವತ್ತು ಬಾಯಿ ನಗುತ್ತಿರುವಾಗ ಮತ್ತೆ ಎಣಿಸಿದೆ:
ಇಪ್ಪತ್ತೇ ಇದ್ದವು.
ಇನ್ನೊಂದು ಅವನ ದವಡೆಯಲ್ಲಿ,
ಪೆಪ್ಪರಮಿಂಟಿನ ಹಾಗೆ.

ಕಿವಿ ಹಿಂಡಲೋ, ಬೆನ್ನು ತಟ್ಟಲೋ?
ಎರಡಲ್ಲ, ಮೂರಲ್ಲ,
ಒಂದೇ ಒಂದು ಕದ್ದರೆ ಸಾಕು ಅನ್ನುವುದಕ್ಕೆ
ಎಷ್ಟು ರಾತ್ರಿ ಲೆಕ್ಕ ಹಾಕಿತ್ತೋ ಈ ತಲೆ.
ಉಗುಳಿಸಿದೆ. ನಲ್ಲಿಯಲ್ಲಿ ತೊಳೆಸಿದೆ.
ಯಾಕೆ ಒಂದೇ ಕದ್ದೆ, ಬೋರ್ಡಿನ ಮೇಲೆ ಬರಿ ಅಂದೆ.
ಬರೆದ. ಒತ್ತಕ್ಷರ ಎರಡು ಕಡೆ ಬಿಟ್ಟಿದ್ದ.
ಕಾರಣ ಎಲ್ಲೂ ಬಿಟ್ಟಿರಲಿಲ್ಲ.

ಇನ್ನೇನು, ಎಲ್ಲರಿಗೂ ತಿಳಿಯಿತು, ಆಟ ಮುಗಿಯಿತು
ಅಂದುಕೊಂಡು ಡಬ್ಬಿ ಹುಡುಕುತ್ತಿದ್ದೆ.
ಸುಂಕಮ್ಮ ಗುಂಡಿಗಳನ್ನು ಮೂರು ಗುಡ್ಡೆ ಮಾಡುತ್ತಿದ್ದಳು,
ಒಂದು ದೊಡ್ಡದು, ಒಂದು ಸಣ್ಣದು, ಒಂದು ಎಡವಟ್ಟು.
"ಯಾವ್ದಾರ ಒಂದು ಗುಡ್ಡೆ. ಅದ್ರಾಗ ಎಷ್ಟಾರ ತೆಗಿಬೌದು.
ಆವಾಗ?"

ಆವಾಗ?

"ನನಗೆ ಗೊತ್ತಿಲ್ಲ ಕಣೇ" ಅಂದೆ.
ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ
ಆ ಮಾತನ್ನು ಜೋರಾಗಿ ಹೇಳಿದ್ದು ಅದೇ ಮೊದಲು.
ಅವಳು ತಲೆಯೆತ್ತಿ ನೋಡಿದಳು,
ಹೊಸದಾಗಿ ಶಾಲೆಗೆ ಸೇರಿದವರನ್ನು ನೋಡುವಂತೆ.
ಆಮೇಲೆ ಚೂರು ಸರಿದು
ನೆಲದ ಮೇಲೆ ಜಾಗ ಮಾಡಿಕೊಟ್ಟಳು.